ರಾಣಿಗೆ ಜ್ವರ

"ಜ್ವರ ಬಿಟ್ಟಿತಾ ಅಪೊಲೋನಿಯಾ ಬಾಯಿ? ಇಷ್ಟು ಬೇಗ ಎದ್ದು ಬರ್ಬಾರ್ದಿತ್ತು ನೀವು," ಎನ್ನುತ್ತಾ ಟ್ರೀಸಾ ಅಪೊಲೋನಿಯಾಳ ಹಣೆ ಮುಟ್ಟಿ ನೋಡಿದಳು.

ಹಣೆ ತಣ್ಣಗೇ ಇತ್ತು. ಊರಿನ ಭಾನುವಾರದ ಪೂಜೆ ದೋಹಾದಲ್ಲಿ ರಜೆಯ ಶುಕ್ರವಾರವೇ ಬರುತ್ತದೆ. ಪೂಜೆ ಮುಗಿದು ಅಬು ಹಮೂರಿನ ಇಗರ್ಜಿಯ ಅಂಗಳ ಜನರಿಂದ ತುಂಬಿತ್ತು. ಮಗ ಡಿಯೋನ್ ಕಾರು ತರಲು ಹೋಗಿದ್ದ. ಅಲ್ಲಿಯ ಪಾರ್ಕಿಂಗಿನಿಂದ ಕಾರು ಹೊರಗೆ ತೆಗೆಯುವುದೆಂದರೆ ಇನ್ನೊಂದು ಪೂಜೆ ಮುಗಿಯುವಷ್ಟು ಹೊತ್ತು ಬೇಕು. ಅಪೊಲೋನಿಯಾ ಎದೆಗವಚಿಕೊಂಡಿದ್ದ ಕೇಕಿನ ಡಬ್ಬಿಯಲ್ಲಿ ಕೇಕು ಇರಲಿಲ್ಲ, ಕಿರೀಟ ಇತ್ತು. ರಟ್ಟು ಕತ್ತರಿಸಿ, ದೋಹಾ ಜದೀದಾದ ಅಂಗಡಿಯಿಂದ ತಂದ ಜರಿ ಅಂಟಿಸಿ, ತಾನೇ ಮಾಡಿದ್ದು. ಸಂಜೆಯ ನಾಟಕದಲ್ಲಿ ಅದನ್ನು ತಲೆಗಿಟ್ಟು ಅವಳು ಜೆರುಸಲೇಮಿನ ರಾಣಿ ಮೆಲಿಸೆಂಡ್ ಆಗಬೇಕಿತ್ತು.

"ನನಗೆ ಜ್ವರ ಅಂತ ಯಾರು ಹೇಳಿದ್ದು?"

"ಡಿಯೋನೇ ಹೇಳಿದ್ದಲ್ವಾ, ನಿನ್ನೆ ನಾಟಕದ ಮೊದಲು, ಮೈಕಿನಲ್ಲಿ. ಮಮ್ಮಿ ಮಲಗಿದಲ್ಲೇ ಇದ್ದಾರೆ, ಪ್ರಾರ್ಥನೆ ಮಾಡಿ ಅಂತ. ಇಡೀ ಹಾಲ್ ಎದ್ದು ನಿಂತು ನಿಮಗೋಸ್ಕರ ಒಂದು ನಮಾನ್ ಮೊರಿಯೆ ಹೇಳಿದ್ವಿ." ಟ್ರೀಸಾಳ ಕಣ್ಣು ಅರಳಿತು. "ಆದ್ರೆ ನಿಮ್ಮ ಸೊಸೆ ಎಂಥಾ ಆಕ್ಟಿಂಗ್ ಮಾರಾಯ್ರೇ! ಕೊನೆಗೆ ಮಗನ ಪಾರ್ಟ್ ಮಾಡಿದ ಡಿಯೋನ್ ತಲೆಗೆ ಕಿರೀಟ ಇಡುವಾಗ ನಾನು ಅತ್ತುಬಿಟ್ಟೆ. ನೀವು ಬರೆದ ನಾಟಕವಂತೂ ಕೇಳೋದೇ ಬೇಡ ಬಿಡಿ."

ಅಪೊಲೋನಿಯಾ ಡಬ್ಬಿಯ ಮುಚ್ಚಳ ಒತ್ತಿ ಹಿಡಿದಳು. "ಹೌದು, ಈಗ ಪರವಾಗಿಲ್ಲ," ಎಂದಳು. ಮಗನ ಮಾನ ಉಳಿಸುವುದು ಅಭ್ಯಾಸವಾಗಿ ಹೋಗಿತ್ತಲ್ಲ, ಜ್ವರವನ್ನೂ ಒಪ್ಪಿಕೊಂಡಳು.

ಈ ರಾಣಿ ಅವಳಿಗೆ ಸಿಕ್ಕಿದ್ದು ಪುಣ್ಯಭೂಮಿಯ ಯಾತ್ರೆಗೆ ಹೋದಾಗ. ಜೆರುಸಲೇಮಿನಲ್ಲಿ ಮಾತೆ ಮರಿಯಮ್ಮನ ಸಮಾಧಿಗೆ ಇಳಿಯುವ ಮೆಟ್ಟಿಲುಗಳ ಪಕ್ಕದಲ್ಲೊಂದು ಗೂಡು. ಎಲ್ಲರೂ ಅದನ್ನು ದಾಟಿ ಇಳಿಯುತ್ತಿದ್ದರು. ಇಲ್ಲಿ ಯಾರು ಮಲಗಿದ್ದು ಎಂದು ಇವಳೊಬ್ಬಳೇ ಗೈಡನ್ನು ನಿಲ್ಲಿಸಿ ಕೇಳಿದಳು. ಅವನು ಹೇಳಿದ ಕಥೆ ಅವಳ ಜೊತೆಗೇ ದೋಹಾಕ್ಕೆ ಬಂತು. ಶಿಲುಬೆ ಯುದ್ಧದ ಕಾಲದ ರಾಣಿ; ರಾಜ್ಯ ಅಪ್ಪನಿಂದ ಬಂದದ್ದು. ಗಂಡ ಅವಳನ್ನು ಮೂಲೆಗೆ ಕೂರಿಸಲು ನೋಡಿ ಸೋತ. ಆಮೇಲೆ ಅವಳನ್ನು ಕೇಳದೆ ಒಂದು ಹೆಜ್ಜೆ ಇಡಲಿಲ್ಲ. ಬೇಟೆಯಲ್ಲಿ ಕುದುರೆಯಿಂದ ಬಿದ್ದು ಅವನು ಸತ್ತ ಮೇಲೆ ಸಣ್ಣ ಮಗನನ್ನು ಪಕ್ಕದಲ್ಲಿಟ್ಟುಕೊಂಡು ರಾಜ್ಯ ಆಳಿದಳು, ಪೇಟೆಗೆ ಕಲ್ಲಿನ ಸೂರು ಕಟ್ಟಿಸಿದಳು. ಮಗ ಬಾಲ್ಡ್ವಿನ್ ದೊಡ್ಡವನಾದ. ಈಸ್ಟರಿನ ದಿನ ನೀನು ಕಿರೀಟ ಧರಿಸುವಾಗ ನನ್ನ ತಲೆಯ ಮೇಲೂ ಒಂದಿರಲಿ ಎಂದಳು ತಾಯಿ. ಆಗಲಿ ಎಂದವನು ದಿನವನ್ನೇ ಮುಂದೂಡಿದ. ಮರುದಿನ ತಾಯಿಗೆ ಹೇಳದೆ ಒಬ್ಬನೇ ಕಿರೀಟ ಇಟ್ಟುಕೊಂಡು ಪೇಟೆಯಲ್ಲಿ ಹೊರಟ. ಅವಳು ಕೋಟೆಯ ಬಾಗಿಲು ಹಾಕಿಕೊಂಡು ಕೂತಳು, ಅವನು ಮುತ್ತಿಗೆ ಹಾಕಿದ. ಕೊನೆಗೆ ಒಂದು ಸಣ್ಣ ಊರು ಕೊಟ್ಟು ಅಲ್ಲಿ ಇರು ಎಂದ.

ಡಿಯೋನ್ ಹೈಸ್ಕೂಲಿನಲ್ಲಿದ್ದಾಗ ಅವಳೇ ಅವನಿಗೆ ಈ ಕಥೆ ಹೇಳಿದ್ದಳು. ಗಂಡ ಫಿಡೆಲಿಸ್ ತೀರಿಕೊಂಡು ವರ್ಷವಾಗಿತ್ತಷ್ಟೆ. ಹಗಲು ಆಫೀಸಿನ ಕೆಲಸ, ಸಂಜೆ ಕೊಂಕಣಿ ಸಂಘದ ನಾಟಕದ ರಿಹರ್ಸಲ್, ಎರಡರ ನಡುವೆ ಮಗ. ಆ ಕಾಲದಲ್ಲಿ ಅವನು ಇದ್ದದ್ದು ಅವಳ ವೀಸಾದಲ್ಲಿ. ಈಗ ರಿಟೈರಾದ ಅವಳು ಇರುವುದು ಅವನ ವೀಸಾದಲ್ಲಿ, ಅದೂ ಬರುವ ತಿಂಗಳವರೆಗೆ ಮಾತ್ರ. ಆಮೇಲೆ ಮಂಗಳೂರು. ಹೋಗುವ ಮೊದಲು ಒಂದು ಸಲ ಮೆಲಿಸೆಂಡ್ ಆಗಿ ಸ್ಟೇಜಿನ ಮೇಲೆ ನಿಲ್ಲಬೇಕು. ಅವಳು ಮಗನ ಹತ್ತಿರ ಕೇಳಿದ್ದು ಇದೊಂದೇ. ಪ್ರಾಮಿಸ್ ಎಂದಿದ್ದ.

ನಾಟಕ ಬರೆಯುವಾಗ ಅವಳೊಂದು ಸುಳ್ಳು ಸೇರಿಸಿದ್ದಳು. ತಾಯಿಗೆ ಮೋಸ ಮಾಡುವ ಮಗ ನಮ್ಮ ಜನಕ್ಕೆ ರುಚಿಸುವುದಿಲ್ಲ ಎಂದು, ಕೊನೆಯ ದೃಶ್ಯದಲ್ಲಿ ರಾಣಿಯೇ ಸಂತೋಷದಿಂದ ಮಗನಿಗೆ ಕಿರೀಟ ಇಡುವಂತೆ ಮಾಡಿದ್ದಳು. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಎನ್ನುತ್ತಾರೆ. ಅವಳು ಹೇಳಿಕೊಟ್ಟದ್ದು ಮಾತ್ರ ಚೆನ್ನಾಗಿಯೇ ಬಾಳಿಕೆ ಬಂತು. ಬಾಲ್ಡ್ವಿನ್ ಒಂದು ದಿನ ತಡ ಮಾಡಿದ್ದ, ಇವನು ನಾಟಕವನ್ನೇ ಒಂದು ದಿನ ಮುಂಚೆ ಮುಗಿಸಿಬಿಟ್ಟಿದ್ದ.

ಕಾರಿನಲ್ಲಿ ಕೂತ ಮೇಲೆ ಅವಳು ಬೆಲ್ಟ್ ಹಾಕಿಕೊಂಡು ಹೇಳಿದಳು: "ಟ್ರೀಸಾ ಸಿಕ್ಕಿದ್ದಳು. ನನಗೆ ಜ್ವರ ಅಂತೆ."

ಡಿಯೋನ್ ಮುಂದಿನ ಕಾರಿಗೆ ಸುಮ್ಮನೆ ಹಾರ್ನ್ ಹೊಡೆದ. "ಮನೆಗೆ ಹೋಗುವಾಗ ಹೇಳುವ ಅಂತ ಇದ್ದೆ ಮಮ್ಮಿ."

"ನಿನ್ನೆ ಐನ್ ಖಾಲಿದ್‌ನಲ್ಲಿ ರಸೆಲ್‌ನ ಮಗುವಿನ ಬರ್ತ್‌ಡೇ ಅಂತ ಹೇಳಿ ಹೋದಿರಲ್ಲ. ಮಾತಾಡ್ಬೇಡಿ ಮಮ್ಮಿ, ನಾಳೆಗೆ ಸ್ವರ ಬೇಕು ಅಂತ ನೀನೇ ನನಗೆ ಕರಿಮೆಣಸಿನ ಕಷಾಯ ಬೇರೆ ಮಾಡಿಕೊಟ್ಟೆ."

"ಹಾಲ್ ಸಿಕ್ಕಿದ್ದೇ ಗುರುವಾರಕ್ಕೆ."

"ವಾಟ್ಸಾಪ್ ಗ್ರೂಪಿನಲ್ಲಿ ಯಾರೂ ಹಾಕ್ಲಿಲ್ಲ."

"ಅದು... ಬೇರೆ ಗ್ರೂಪ್ ಮಾಡಿದ್ದು." ಸಿಗ್ನಲ್ ಬಿದ್ದಿತು. ಅವನು ಸ್ಟೇರಿಂಗ್ ನೋಡುತ್ತಲೇ ಮಾತಾಡಿದ. "ಹೋದ ವರ್ಷ ನೀವು ಡೈಲಾಗ್ ಮರೆತು ನಡುವಿನಲ್ಲಿ ನಿಂತುಬಿಟ್ಟದ್ದು ನೆನಪುಂಟಾ? ಹಿಂದಿನ ಸಾಲಲ್ಲಿ ಹುಡುಗರು ನಗಾಡಿದ್ರು. ನನ್ನ ಆಫೀಸಿನವರೂ ಇದ್ರು. ನನಗೆ ನೋಡ್ಲಿಕ್ಕೆ ಆಗ್ಲಿಲ್ಲ ಮಮ್ಮಿ. ಎದುರು ಹೇಳಿದ್ರೆ ನೀವು ಕೇಳ್ತಿದ್ರಾ? ಖಲಾಸ್, ಆದದ್ದು ಆಯ್ತು. ಎಲ್ಲ ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು."

ಮರೆತದ್ದು ನಿಜ. ನಾಚಿಕೆಯಾದದ್ದು ಅವನಿಗೆ ಎಂಬುದು ಮಾತ್ರ ಅವಳಿಗೆ ಈಗ ಗೊತ್ತಾಯಿತು. ಮೋಸಕ್ಕಿಂತ ಅದು ಹೆಚ್ಚು ಉರಿಯಿತು. ಅಲ್ ಸದ್ದ್‌ನ ಫ್ಲ್ಯಾಟಿನ ಕೆಳಗೆ ಕಾರು ನಿಂತದ್ದೇ ಅವಳು ಡಬ್ಬಿ ಎತ್ತಿಕೊಂಡು ಇಳಿದಳು.

ತಲೆನೋವೆಂದು ಮನೆಯಲ್ಲೇ ಉಳಿದಿದ್ದ ಸೊಸೆ ಕ್ಯಾರೊಲ್, ಅತ್ತೆಯ ಮುಖ ನೋಡಿದ್ದೇ ಅಡುಗೆಮನೆ ಹೊಕ್ಕಳು; ಇಡೀ ಮಧ್ಯಾಹ್ನ ಹೊರಗೆ ಬರಲಿಲ್ಲ. ಗಂಡನಿಗೇ ತಾಯಿಯಾಗಿ ನಟಿಸಲು ಅಂಜದವಳಿಗೆ ಅತ್ತೆಗೆ ಒಂದು ಮಾತು ಹೇಳುವಷ್ಟು ಧೈರ್ಯ ಇರಲಿಲ್ಲ. ಮೊಮ್ಮಗಳು ಜೊವಿಟಾ ಡಬ್ಬಿ ತೆರೆದು ಕಿರೀಟವನ್ನು ತಿರುಗಿಸಿ ನೋಡಿದಳು. "ಗ್ರ್ಯಾನಿ, ಮಮ್ಮಿದು ಇದಲ್ಲ. ಅದು ಆನ್‌ಲೈನಲ್ಲಿ ಬಂದದ್ದು. ಅದ್ರಲ್ಲಿ ಲೈಟ್ ಉಂಟು."

"ಹೌದಾ ಮಗಾ?" ಎಂದು ಅಪೊಲೋನಿಯಾ ಡಬ್ಬಿಯನ್ನು ಫ್ರಿಜ್ಜಿನ ಮೇಲಿಟ್ಟಳು.

ಸಂಜೆ ಎಂದಿನಂತೆ ಜಪಮಾಲೆ ನಡೆಯಿತು. ಆ ಮನೆಯಲ್ಲೊಂದು ಕ್ರಮವಿತ್ತು, ಊರಿನಿಂದ ಬಂದದ್ದು. ಜಪಮಾಲೆ ಮುಗಿದ ಮೇಲೆ ಕಿರಿಯರು ಒಬ್ಬೊಬ್ಬರಾಗಿ ಹಿರಿಯರ ಮುಂದೆ ತಲೆ ಬಗ್ಗಿಸಿ 'ಬೆಸಾಂವ್' ಬೇಡಬೇಕು, ಹಿರಿಯರು ತಲೆ ಮುಟ್ಟಿ 'ದೇವ್ ಬರೆಂ ಕರುಂ' ಎಂದು ಹರಸಬೇಕು. ಅದಾಗದೆ ಯಾರೂ ತಟ್ಟೆ ಮುಟ್ಟುವ ಹಾಗಿಲ್ಲ. ಎಷ್ಟು ಜಗಳವಾದ ದಿನವೂ ಅಪೊಲೋನಿಯಾ ಮಗನಿಗೆ ಅದನ್ನು ತಪ್ಪಿಸಿದವಳಲ್ಲ.

ಜೊವಿಟಾ ಬಂದಳು, ದೇವ್ ಬರೆಂ ಕರುಂ. ಕ್ಯಾರೊಲ್ ಕಣ್ಣೆತ್ತದೆ ಬಂದಳು, ಅವಳಿಗೂ ಸಿಕ್ಕಿತು. ಡಿಯೋನ್ ಬಂದು ತಲೆ ತಗ್ಗಿಸಿದ. "ಬೆಸಾಂವ್ ದೀ ಮಮ್ಮಿ."

ಅವಳು ಅವನ ತಲೆಯ ಮೇಲೆ ಕೈ ಇಟ್ಟಳು. ಬಾಯಿಂದ ಬಂದದ್ದು ಆಶೀರ್ವಾದವಲ್ಲ, ನಾಟಕದ ಮೆಲಿಸೆಂಡಳ ಕೊನೆಯ ಮಾತು. ಅಪ್ಪ ಸಾಯುವಾಗ ಕೈ ಹಿಡಿದದ್ದು, ಗಂಡನ ಹೆಣ ಹೊತ್ತು ತಂದದ್ದು, ತೊಟ್ಟಿಲು ತೂಗುತ್ತಲೇ ರಾಜ್ಯ ಕಾದದ್ದು, ಅಷ್ಟುದ್ದದ ಮಾತನ್ನು ಒಂದು ಅಕ್ಷರ ತಪ್ಪದೆ ಹೇಳುತ್ತ ಹೋದಳು. ಹಾಲಿನ ಕೊನೆಯ ಸಾಲಿಗೂ ಕೇಳುವಂಥ ಸ್ವರ. ಕ್ಯಾರೊಲ್ ಅನ್ನದ ಸೌಟು ಹಿಡಿದುಕೊಂಡೇ ನಿಂತಳು. ಇನ್ನು ಒಂದು ವಾಕ್ಯ ಉಳಿದಿತ್ತು. ಅಲ್ಲಿಗೆ ಅಪೊಲೋನಿಯಾ ನಿಲ್ಲಿಸಿದಳು.

ಡಿಯೋನ್ ತಗ್ಗಿಸಿದ ತಲೆ ಎತ್ತದೆ ಮೆಲ್ಲಗೆ ಆ ವಾಕ್ಯ ನೆನಪಿಸಿದ: "ಇದು ನೀನು ಕಸಿದದ್ದಲ್ಲ ಮಗನೇ, ನಾನು ಕೊಟ್ಟದ್ದು."

"ನನಗೆ ಮರೆತಿಲ್ಲ," ಎಂದಳು ಅವಳು. ಕೈ ತೆಗೆದಳು.

ಅಂಗೈಯಲ್ಲಿ ಚಿನ್ನದ ಪುಡಿ ಅಂಟಿತ್ತು. ನಿನ್ನೆಯ ಕಿರೀಟದಿಂದ ಅವನ ಕೂದಲಿಗೆ ಉದುರಿದ್ದು. ಅಪೊಲೋನಿಯಾ ಸಿಂಕಿಗೆ ಹೋಗಿ ನಲ್ಲಿ ತಿರುಗಿಸಿದಳು. ಸೋಪು ಹಾಕಿ ತಿಕ್ಕಿದಳು. ಗೆರೆಗಳೊಳಗೆ ಸೇರಿಕೊಂಡದ್ದು ಹೋಗಲಿಲ್ಲ, ಮತ್ತೆ ಸೋಪು ತೆಗೆದುಕೊಂಡಳು. ಮೇಜಿನ ಮೇಲೆ ಅನ್ನ ಆರುತ್ತಿತ್ತು. ಅವಳ ಹಿಂದೆ ಡಿಯೋನ್ ತಲೆ ಬಗ್ಗಿಸಿಕೊಂಡು ನಿಂತೇ ಇದ್ದ.