ಅಪ್ಪನ ಅಂಗಡಿಯಲ್ಲಿ ‘ಡಿಸ್ಕಸ್’

ನಿಘಂಟು ಕಚೇರಿಯಲ್ಲಿ ಅವಳ ಪಾಲಿಗೆ ಬಂದದ್ದು ಇಂಗ್ಲಿಷಿನ ‘ಡಿ’ ಅಕ್ಷರ. ಆ ವಾರ ‘ಡಿಸ್ಕಸ್’ ಎಂಬ ಕ್ರಿಯಾಪದದ ಮುಂದೆ ಕೂತಿದ್ದಳು. ಎಲ್ಲರ ಬಾಯಲ್ಲೂ ಓಡಾಡುವ ಪದ, ಇದರಲ್ಲೇನಿದೆ ಮಹಾ ಎಂದುಕೊಂಡು ಬೇರು ಕೆದಕಿದರೆ, ಲ್ಯಾಟಿನ್ನಿನಲ್ಲಿ ಅದು ಮಾತುಕತೆಯೇ ಅಲ್ಲ! ‘ಡಿಸ್’ ಎಂದರೆ ಬೇರೆಬೇರೆಯಾಗಿ, ‘ಕ್ವಾಟೆರೆ’ ಎಂದರೆ ಅಲುಗಾಡಿಸು, ಬಡಿ. ಎರಡೂ ಸೇರಿದರೆ, ಬಡಿದು ಚೂರುಚೂರು ಮಾಡು.

ಅಷ್ಟರಲ್ಲಿ ಅಕ್ಕನ ಫೋನು ಬಂತು.

“ಭಾನುವಾರ ಬಾ. ಅಪ್ಪನ ಅಂಗಡಿ ವಿಷಯ ಡಿಸ್ಕಸ್ ಮಾಡಿ ಮುಗಿಸಿಬಿಡೋಣ.”

ಅಪ್ಪ ಬೀಗ ರಿಪೇರಿ ಮಾಡುತ್ತಿದ್ದವರು. ಅವರು ತೀರಿಕೊಂಡ ಮೇಲೆ ಅಂಗಡಿಯ ಬಾಗಿಲು ತೆರೆದಿರಲಿಲ್ಲ. ಮಾರಲೇಬೇಕೆಂದು ಅಕ್ಕ, ಕೂಡದೆಂದು ತಮ್ಮ. ಇಬ್ಬರ ನಡುವೆ ಸಿಕ್ಕಿ ಇವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಭಾನುವಾರ ಮೂವರೂ ಅಂಗಡಿಯಲ್ಲಿ ಸೇರಿದರು. ಗೋಡೆಯ ತುಂಬ ಕೀಲಿಕೈಗಳು, ಮೇಜಿನ ಮೇಲೆ ಬೆರಳಿಗೆ ಅಂಟುವ ಹಳೆಯ ಎಣ್ಣೆ. ಮಾತು ಮೆತ್ತಗೆ ಶುರುವಾಗಿ ನೋಡನೋಡುತ್ತಲೇ ತಾರಕಕ್ಕೇರಿತು.

“ಹೀಗೇ ಮುಚ್ಚಿಟ್ರೆ ತುಕ್ಕು ಹಿಡಿಯುತ್ತೆ ಅಷ್ಟೇ,” ಎಂದಳು ಅಕ್ಕ.

“ನಿನಗೆ ಅಪ್ಪನ ನೆನಪು ಯಾಕೆ ಬೇಕು ಬಿಡು,” ಎಂದು ತಮ್ಮ ಮೇಜು ಗುದ್ದಿದ.

ತುದಿಯಲ್ಲಿದ್ದ ತಟ್ಟೆ ಕೆಳಗೆ ಬಿದ್ದು, ಸ್ಪ್ರಿಂಗು, ಸ್ಕ್ರೂಗಳೆಲ್ಲ ನೆಲದ ತುಂಬ ಚೆಲ್ಲಾಪಿಲ್ಲಿಯಾದವು.

“ಈಗ ಸರಿಯಾಗಿ ಡಿಸ್ಕಸ್ ಆಯ್ತು ನೋಡಿ,” ಎಂದುಬಿಟ್ಟಳು ಇವಳು.

ಇಬ್ಬರೂ ಪಿಳಿಪಿಳಿ ಕಣ್ಣುಬಿಟ್ಟರು. ಇವಳು ಆ ಪದದ ಮೂಲ ಹೇಳಿ, “ಹಿಂದೆ ಇಂಗ್ಲೆಂಡಿನ ವೈದ್ಯರು ಊತ ಕರಗಿಸೋದಕ್ಕೂ ಡಿಸ್ಕಸ್ ಅಂತಲೇ ಅಂತಿದ್ರಂತೆ,” ಎಂದು ಸೇರಿಸಿದಳು.

“ಹಾಗಾದ್ರೆ ಮೊದಲು ಇವನ ಮುಖ ಡಿಸ್ಕಸ್ ಮಾಡು. ಹೇಗೆ ಊದಿಸಿಕೊಂಡಿದ್ದಾನೆ ನೋಡು!” ಎಂದಳು ಅಕ್ಕ.

ತಮ್ಮ ತುಟಿ ಕಚ್ಚಿ ನಗು ತಡೆಯಲು ನೋಡಿದ. ಆಗಲಿಲ್ಲ, ಫಕ್ಕನೆ ನಕ್ಕ.

ಮೂವರೂ ಮಂಡಿಯೂರಿ ಸ್ಪ್ರಿಂಗುಗಳನ್ನು ಆಯತೊಡಗಿದರು. ನೆಲ ನೋಡುತ್ತಲೇ ತಮ್ಮ ಬಾಯಿಬಿಟ್ಟ: “ಮಾರಬಾರದು ಅಂತಲ್ಲ ಅಕ್ಕಾ. ದಿನಾ ಇದೇ ಬೀದೀಲಿ ಬಸ್ ಓಡಿಸ್ತೀನಿ. ಅಪ್ಪನ ಜಾಗದಲ್ಲಿ ಇನ್ಯಾರೋ ಕೂತು ಬೀಗ ಬಿಚ್ತಿರೋದು ಕಣ್ಣಿಗೆ ಬಿದ್ರೆ ನನ್ನ ಕೈಲಾಗಲ್ಲ.”

ಅಕ್ಕನ ಕೈ ನಿಂತಿತು. “ಇದನ್ನ ಮೊದಲೇ ಬೊಗಳೋದಕ್ಕೆ ಏನಾಗಿತ್ತೋ ನಿನಗೆ?” ಎನ್ನುತ್ತಾ ಅವನ ತಲೆಗೆ ಮೆಲ್ಲಗೆ ಮೊಟಕಿದಳು.

ಅಂಗಡಿಯನ್ನು ಬೀಗ ರಿಪೇರಿಯವರಿಗೆ ಮಾರುವುದು ಬೇಡವೆಂದಾಯಿತು. ಪಕ್ಕದ ಅಂಗಡಿಯ ಹೊಲಿಗೆಯಾಕೆ ಜಾಗ ಸಾಲದೆ ಒದ್ದಾಡುತ್ತಿದ್ದಳು. ಕೇಳಿದ ಕೂಡಲೇ ಕೊಳ್ಳಲು ಒಪ್ಪಿಕೊಂಡಳು. ನಡುವಿನ ಗೋಡೆ ಒಡೆಸಿ, ಬಣ್ಣ ಬಳಿಸಿ, ಬೀದಿಯ ಕಡೆ ದೊಡ್ಡ ಕಿಟಕಿ ಇಡಿಸಿದಳು. ಮೊದಲ ಸಲ ಬಸ್ಸಿನಿಂದ ಅದನ್ನು ಕಂಡಾಗ ತಮ್ಮನಿಗೆ ಯಾವ ಅಂಗಡಿಯೆಂದು ತಕ್ಷಣ ಗುರುತು ಹತ್ತಲಿಲ್ಲವಂತೆ. ಈಗ ಅಂಗಿಯ ಗುಂಡಿ ಕಿತ್ತುಹೋದರೆ ಅವನು ಅಲ್ಲಿಗೇ ಹೋಗುತ್ತಾನೆ.