ಹೊಗೆ ಯಾರ ಕಡೆಗೆ

ಬಿಷ್ಕೆಕ್‌ನಿಂದ ಓಶ್‌ಗೆ ಬಾಡಿಗೆ ಕಾರು ಓಡಿಸುವ ನಮ್ಮಂಥವರಿಗೆ ದಾರಿಯಲ್ಲಿ ಎರಡೇ ಆಸರೆ: ಒಂದು ಕುರುತ್, ಇನ್ನೊಂದು ಹಾಡು. ಮೊಸರು ಒಣಗಿಸಿ ಕಟ್ಟಿದ ಆ ಉಪ್ಪುಂಡೆ ಬಾಯಲ್ಲಿದ್ದರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಹಾಡಿದ್ದರೆ ಘಾಟಿ ಏರಿದ್ದೇ ತಿಳಿಯುವುದಿಲ್ಲ.

ಫೋನಿನಲ್ಲಿ ಈ ದಾರಿಯ ಚಾಲಕರದೊಂದು ಗುಂಪಿದೆ. ಎಲ್ಲಿ ಕಲ್ಲು ಉರುಳಿದೆ, ಎಲ್ಲಿ ಪೊಲೀಸರು ನಿಂತಿದ್ದಾರೆ ಎಂದು ತಿಳಿಸಲು ಶುರುವಾದದ್ದು, ಬರಬರುತ್ತಾ ಹಾಡಿನ ಹುಚ್ಚರ ಗುಂಪಾಯಿತು. ವಾರಕ್ಕೊಂದು ವಿಷಯ. ಆ ವಿಷಯದ ಮೇಲೆ ಗುಂಪಿನಲ್ಲಿ ಬೇರೆ ಯಾರೂ ಕೇಳಿರದ ಹಾಡು ಕಳಿಸಿದವನು ಗೆದ್ದ ಹಾಗೆ. ಮುಂದಿನ ವಾರದ ವಿಷಯ ಅವನದು. ಬಹುಮಾನ ಅಷ್ಟೇ, ಆದರೆ ಅಷ್ಟಕ್ಕೇ ನಾವು ದಾಯಾದಿಗಳ ಹಾಗೆ ಕಿತ್ತಾಡುತ್ತೇವೆ. ನನ್ನ ತಲೆಯಲ್ಲಿ ‘ಸೇತುವೆ’ ಎಂಬ ವಿಷಯ ಎಷ್ಟೋ ಕಾಲದಿಂದ ಕೂತಿತ್ತು. ಅದನ್ನು ಇಡುವ ಭಾಗ್ಯ ಮಾತ್ರ ಬಂದಿರಲಿಲ್ಲ.

ಅದಕ್ಕೆ ಕಾರಣ ಜುಮಾಶ್ ಅಣ್ಣ. ನಮ್ಮಲ್ಲೆಲ್ಲ ಹಿರಿಯ. ಈ ದಾರಿಗೆ ಡಾಂಬರು ಬೀಳುವ ಮೊದಲೇ ಲಾರಿ ಓಡಿಸಿದವನು. ಯಾರು ಏನು ಕಳಿಸಿದರೂ ಅವನದು ಒಂದೇ ಉತ್ತರ: “ಕೇಳಿದ್ದೀನಿ.” ಎಲ್ಲಿ ಕೇಳಿದೆ ಎಂದು ಕೆದಕಿದರೆ, ಒಮ್ಮೆ ಸೈನ್ಯದಲ್ಲಿ ಎನ್ನುತ್ತಾನೆ, ಒಮ್ಮೆ ಯಾರದೋ ಮದುವೆಯಲ್ಲಿ. ಅಷ್ಟು ಮದುವೆ ಈ ದೇಶದಲ್ಲೇ ಆಗಿಲ್ಲ ಎಂದು ನಾವು ಆಡಿಕೊಳ್ಳುತ್ತಿದ್ದೆವು.

ಆ ವಾರದ ವಿಷಯ ಬೆಂಕಿ. ಇಟ್ಟವನು ಜುಮಾಶ್ ಅಣ್ಣನೇ. ಜೊತೆಗೊಂದು ಷರತ್ತನ್ನೂ ಹಾಕಿದ್ದ: “ಎದೆ ಸುಡೋ ಹಾಡು ಬೇಡ, ಸೌದೆ ಸುಡೋ ಹಾಡು ಕಳಿಸಿ.” ಅಲ್ಲಿಗೆ ನಮ್ಮ ಮುಕ್ಕಾಲು ಹಾಡುಗಳು ಕೈಬಿಟ್ಟು ಹೋದವು. ನಮ್ಮ ಹಾಡುಗಾರರಿಗೆ ಪ್ರೀತಿಯಲ್ಲಲ್ಲದೆ ಬೇರೆಲ್ಲೂ ಬೆಂಕಿ ಕಾಣಿಸುವುದಿಲ್ಲ. ಆದರೂ ಹುಡುಗರು ಬಿಡಲಿಲ್ಲ. ಒಬ್ಬ, ರೈಲಿನ ಇಂಜಿನ್ನಿಗೆ ಕಲ್ಲಿದ್ದಲು ಹಾಕುವವನ ಹಳೆಯ ಹಾಡು ಕಳಿಸಿದ. ಇನ್ನೊಬ್ಬ, ಯಾವುದೋ ಕಾಲದ ಅಗ್ನಿಶಾಮಕ ದಳದವರು ಸಾಲಾಗಿ ನಿಂತು ಹಾಡಿದ್ದನ್ನು. ಅದರಲ್ಲಿ ಬೆಂಕಿಗಿಂತ ನೀರೇ ಹೆಚ್ಚಿತ್ತು. ತಲಾಸ್‌ನ ಒಬ್ಬನ ಹಾಡಿನಲ್ಲಿ ಕಮ್ಮಾರನ ಹೆಂಡತಿ ತಿದಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತಾಳೆ. ನನಗಂತೂ ಅದು ಬಹಳ ಹಿಡಿಸಿತು. ಎಲ್ಲಕ್ಕೂ ಅದೇ ಉತ್ತರ ಬಂತು: ಕೇಳಿದ್ದೀನಿ.

ವಾರದ ಕೊನೆಯ ದಿನ ಬೆಳಿಗ್ಗೆ ನಾನು ಖಾಲಿ ಕೈಯಲ್ಲೇ ಬಿಷ್ಕೆಕ್ ಬಿಟ್ಟೆ. ಕಾರಿನಲ್ಲಿ ಮೂವರಿದ್ದರು. ಮುಂದಿನ ಸೀಟಿನಲ್ಲಿ ಕುಲಿಪಾ ಎಜೆ. ವಯಸ್ಸಾದರೂ ಬೆನ್ನು ಬಾಗದ ಹೆಂಗಸು. ಕಾರಾ-ಕೋಲ್ ಊರಿನ ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರಾಗಿದ್ದು ನಿವೃತ್ತಿಯಾಗಿದ್ದಳು. ನನ್ನ ಅಕ್ಕನ ವಯಸ್ಸಿನವಳಾದ್ದರಿಂದ ಎಜೆ ಎಂದೇ ಕರೆದೆ. ಹತ್ತುತ್ತಲೇ ನನ್ನ ಬಾಯಲ್ಲಿದ್ದ ಕುರುತ್ ನೋಡಿ, ಅಗಿಯಬೇಡ, ಚೀಪು ಎಂದು ಆಜ್ಞೆ ಮಾಡಿದಳು. ಹಿಂದೆ ಓಶ್‌ನ ಇಕ್ರಾಮ್ ಅಕಾ, ಸಮೋಸದಂಥ ಸಂಸಾ ಮಾಡಿ ಮಾರುವ ಉಜ್ಬೆಕ್ ಮನುಷ್ಯ. ಅವರಲ್ಲಿ ಅಣ್ಣನಿಗೆ ಅಕಾ ಎನ್ನುತ್ತಾರೆ. ಅವನ ಪಕ್ಕದಲ್ಲಿ ರಜೆಗೆ ಊರಿಗೆ ಹೊರಟ ಕಾಲೇಜು ಹುಡುಗಿ ಮೀರಿಮ್.

ಸುಂಕದ ಕಟ್ಟೆ ದಾಟಿ ಘಾಟಿ ಏರತೊಡಗಿದಾಗ ನನ್ನ ಕಷ್ಟ ಹೇಳಿಕೊಂಡೆ. ಮೀರಿಮ್ ಕೂಡಲೇ ಫೋನ್ ತೆಗೆದಳು. ಅವಳ ಹಾಸ್ಟೆಲಿನ ಹುಡುಗಿಯರು ಕಟ್ಟಿಕೊಂಡ ತಂಡವೊಂದು, ಪರೀಕ್ಷೆ ಮುಗಿದ ಮೇಲೆ ಟಿಪ್ಪಣಿ ಹಾಳೆಗಳನ್ನು ಹಿತ್ತಲಲ್ಲಿ ಸುಟ್ಟದ್ದನ್ನೇ ಹಾಡು ಕಟ್ಟಿ ಹಾಡಿತ್ತು. ತಾಳ ಚೆನ್ನಾಗಿತ್ತು. ಯಾವ ಚಾಲಕನೂ ಕೇಳಿರಲಾರ ಎಂದು ಹಿಗ್ಗಿ ಕಳಿಸಿದೆ. ಸುರಂಗದ ಬಾಯಿ ತಲುಪುವ ಮೊದಲೇ ಜಲಾಲಾಬಾದಿನ ಗೆಳೆಯ ತಣ್ಣೀರೆರಚಿದ. ಆ ತಂಡದಲ್ಲಿ ಡೋಲು ಬಾರಿಸುವವಳು ಅವನ ಮಗಳೇ ಅಂತೆ, ಮನೆಯಲ್ಲಿ ಕೇಳಿ ಕೇಳಿ ಕಿವಿ ತೂತಾಗಿದೆಯಂತೆ.

ಇಕ್ರಾಮ್ ಅಕಾ ತನ್ನದೊಂದು ಹಾಡಿದ. ಸಣ್ಣ ದನಿ, ಆದರೆ ಹದವಾದ ದನಿ. ಬೆಳಗಿನ ಜಾವ ತಂದೂರಿಗೆ ಬೆಂಕಿ ಹಾಕುವವನ ಹಾಡು ಅದು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ತಂದೂರು ಹೋಗಿ ಎದೆಯಾಗಿತ್ತು.

“ಹೋಯ್ತು,” ಎಂದೆ. “ಎದೆ ಬಂತಲ್ಲ ಅಕಾ.”

“ತಂದೂರು ನಿಜದ್ದೇ ಕಣಯ್ಯ. ಎದೆ ಸುಮ್ನೆ ಹೋಲಿಕೆಗೆ ಬಂದಿರೋದು.”

“ಜುಮಾಶ್ ಅಣ್ಣ ಒಪ್ಪಲ್ಲ.”

“ಹಂಗಾದ್ರೆ ಅವನಿಗೆ ಹಸಿ ಸಂಸಾ ಕೊಡ್ಬೇಕು,” ಎಂದು ಇಕ್ರಾಮ್ ಅಕಾ ಮುಖ ತಿರುಗಿಸಿ ಕೂತ.

ಸುರಂಗದಿಂದಾಚೆ ಸೂಸಾಮಿರ್ ಬಯಲಿಗೆ ಇಳಿದು ಸ್ವಲ್ಪ ದೂರ ಹೋದ ಮೇಲೆ ನನ್ನ ಕಾರು ಮುನಿಸಿಕೊಂಡಿತು. ಮುಂದಿನ ಮುಚ್ಚಳದ ಸಂದಿನಿಂದ ಹಬೆ ಏಳತೊಡಗಿತು. ಬೆಂಕಿಯ ಹಾಡು ಹುಡುಕಿ ಹುಡುಕಿ ಗಾಡಿಗೇ ಬೆಂಕಿ ಹಚ್ಚಿದೆಯಾ ಎಂದು ಮೀರಿಮ್ ನಕ್ಕಳು. ಹಳೆಯ ಕಾಯಿಲೆ ಅದು. ನೀರು ಆರಲು ಬಿಟ್ಟು, ಮತ್ತೆ ತುಂಬಿಸಿದರೆ ಸರಿಹೋಗುತ್ತದೆ. ಆದರೆ ಆರುವ ತನಕ ಕಾಯಬೇಕು. ಗಾಳಿಯೋ ಕೋಟಿನ ಗುಂಡಿಗಳ ನಡುವೆ ನುಗ್ಗುತ್ತಿತ್ತು.

ಕುಲಿಪಾ ಎಜೆ ಕೈಕಟ್ಟಿ ಕೂರುವ ಜೀವವಲ್ಲ. ಬಯಲಿನಲ್ಲಿ ಒಣಗಿ ಬಿದ್ದಿದ್ದ ಸಗಣಿಯ ಹೆಕ್ಕಳೆಗಳನ್ನು ಆರಿಸಿ ತರಲು ನಮ್ಮನ್ನು ಅಟ್ಟಿದಳು. ಮೂರು ಕಲ್ಲಿಟ್ಟು ಒಲೆ ಹೂಡಿದಳು. ನನ್ನ ಡಿಕ್ಕಿಯಲ್ಲಿ ಕೆಟಲು ಯಾವಾಗಲೂ ಇರುತ್ತದೆ. ಬೆಂಕಿಯೇನೋ ಹತ್ತಿತು, ಆದರೆ ಗಾಳಿಗೆ ಹೊಗೆ ಸುತ್ತಿ ಸುತ್ತಿ ನಮ್ಮ ಮುಖಕ್ಕೇ ಬಡಿಯುತ್ತಿತ್ತು. ಇಕ್ರಾಮ್ ಅಕಾ ಆ ಕಡೆ ಹೋದರೆ ಅವನ ಹಿಂದೆ, ಮೀರಿಮ್ ಈ ಕಡೆ ಬಂದರೆ ಇವಳ ಹಿಂದೆ. ಎಜೆ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. ಒಂದು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು, ಮಕ್ಕಳನ್ನು ಗದರಿಸುವ ಧಾಟಿಯಲ್ಲಿ ಹೊಗೆಗೆ ಹಾಡತೊಡಗಿದಳು.

ಹೊಗೆಯೇ ಹೊಗೆಯೇ, ನನ್ನ ಕಡೆ ಬರಬೇಡ,
ನನ್ನ ಕಣ್ಣಲ್ಲಿ ಆಗಲೇ ನೀರಿದೆ.
ಕೆಲಸವಿಲ್ಲದೆ ಮೈದುನ ಕೂತಿದ್ದಾನೆ,
ಅವನ ಕಣ್ಣಲ್ಲಿ ಬೇಕಾದಷ್ಟು ಜಾಗವಿದೆ.
ಹೊಗೆಯೇ ಹೊಗೆಯೇ, ತೊಟ್ಟಿಲ ಕಡೆ ಬೇಡ,
ಕೂಸು ಈಗಷ್ಟೇ ಮಲಗಿದೆ.
ಅತ್ತೆಯ ಹಾಸಿಗೆ ಬಾಗಿಲ ಹತ್ತಿರ,
ಅವಳಿಗೆ ಹೇಗೂ ನಿದ್ದೆ ಬಾರದಿದೆ.

ನಾನು ಕೆಟಲನ್ನು ಹಾಗೇ ನೆಲದ ಮೇಲೆ ಬಿಟ್ಟೆ. ಇನ್ನೊಮ್ಮೆ ಹಾಡಬೇಕೆಂದು ಬೇಡಿಕೊಂಡೆ. ಇದೂ ಒಂದು ಹಾಡೇನೋ, ಬೇಸಿಗೆಯಲ್ಲಿ ದನ ಮೇಯಿಸಲು ಹೋಗುತ್ತಿದ್ದ ಬಯಲಿನಲ್ಲಿ ನಮ್ಮಮ್ಮ ಒಲೆ ಮುಂದೆ ಬೈದುಕೊಳ್ಳುತ್ತಿದ್ದಳು ಅಷ್ಟೇ ಎಂದಳು ಎಜೆ. ಆದರೂ ನಾನು ಫೋನ್ ಹಿಡಿದಾಗ ಗಂಟಲು ಸರಿಮಾಡಿಕೊಂಡು, ಮೊದಲಿಗಿಂತ ಚೆನ್ನಾಗಿಯೇ ಹಾಡಿದಳು. ಗಾಳಿಯ ಸದ್ದೂ ಸೇರಿತು, ಇಕ್ರಾಮ್ ಅಕಾನ ಕೆಮ್ಮೂ ಸೇರಿತು. ಇಷ್ಟು ವರ್ಷ ಅಲ್ಲಿ ಇಲ್ಲಿ ಹಾಡು ಹುಡುಕಿದವನು ನಾನು. ಇಂಥದ್ದೊಂದು ಸದ್ದಿಲ್ಲದೆ ನನ್ನ ಪಕ್ಕದ ಸೀಟಿನಲ್ಲಿ ಕೂತು ಬಂದಿತ್ತು.

ಚಹಾ ಕುಡಿದೆವು, ಗಾಡಿಗೂ ಕುಡಿಸಿದೆವು. ಅಲಾ-ಬೆಲ್ ಘಾಟಿ ದಾಟಿ ಕೆಳಗಿಳಿದು, ಕಣಿವೆಯ ಕೊನೆಯಲ್ಲಿ ಫೋನಿಗೆ ಜೀವ ಬಂದಾಗ ಹಾಡು ಹೋಯಿತು. ಒಬ್ಬೊಬ್ಬರದೇ ಉತ್ತರ ಬರತೊಡಗಿತು. ತಲಾಸ್‌ನವನು ಕೇಳಿಲ್ಲ ಎಂದ. ಜಲಾಲಾಬಾದಿನವನೂ ಕೇಳಿಲ್ಲ. ಇನ್ನಿಬ್ಬರು ಕೇಳಿಲ್ಲ ಎಂದದ್ದಲ್ಲದೆ ಅತ್ತೆಯ ಸಾಲಿಗೆ ನಕ್ಕು ನಕ್ಕು ಗಾಡಿ ನಿಲ್ಲಿಸಿದ್ದಾಗಿಯೂ ತಿಳಿಸಿದರು. ಕೊನೆಗೆ ಜುಮಾಶ್ ಅಣ್ಣನ ದನಿ ಬಂತು.

“ಕೇಳಿದ್ದೀನಿ.”

ಎಲ್ಲಿ ಎಂದು ಎಲ್ಲರೂ ಒಟ್ಟಿಗೇ ಮುಗಿಬಿದ್ದರು. ನೆನಪಾಗುತ್ತಿಲ್ಲ ಎಂದ. ಸೈನ್ಯದಲ್ಲಾ, ಮದುವೆಯಲ್ಲಾ ಎಂದು ಹುಡುಗರು ಕಾಲೆಳೆದರು. ಅಲ್ಲ, ಬೇರೆಲ್ಲೋ, ಆದರೆ ಕೇಳಿರುವುದಂತೂ ಖಂಡಿತ ಎಂದ. ಸಾಲದ್ದಕ್ಕೆ ಇನ್ನೊಂದು ತಕರಾರನ್ನೂ ತೆಗೆದ: ಇದು ಹೊಗೆಯ ಹಾಡು, ಬೆಂಕಿಯದಲ್ಲ.

ಕುಲಿಪಾ ಎಜೆ ಕೈ ಚಾಚಿದಳು. ಫೋನ್ ಕೊಟ್ಟೆ.

“ನೋಡಪ್ಪ, ನೀನ್ಯಾರೋ ನಂಗೊತ್ತಿಲ್ಲ,” ಎಂದು ಅದಕ್ಕೆ ಹೇಳಿದಳು. “ಬೆಂಕಿ ಇಲ್ದೆ ಹೊಗೆ ಬರೋದು ಈ ಹುಡುಗನ ಕಾರಲ್ಲಿ ಮಾತ್ರ. ಒಲೆ ಊದ್ದೋರಿಗೆ ಬೆಂಕಿ ಅಂದ್ರೇನೇ ಹೊಗೆ. ಯಾವತ್ತಾದ್ರೂ ಊದಿದ್ದೀಯಾ ನೀನು?”

ಆಮೇಲೆ, ತಾನು ಓಶ್ ಕಡೆಯಿಂದ ಬರುತ್ತಿರುವುದಾಗಿಯೂ, ತೊಕ್ತೊಗುಲ್ ಜಲಾಶಯದ ದಡದ ಮೀನಿನ ಅಂಗಡಿಯಲ್ಲಿ ಊಟಕ್ಕೆ ನಿಲ್ಲುವುದಾಗಿಯೂ, ಆ ಹೆಂಗಸನ್ನು ಅಲ್ಲಿಗೇ ಕರೆತರಬೇಕೆಂದೂ ಜುಮಾಶ್ ಅಣ್ಣ ತಿಳಿಸಿದ. ದನಿಯಲ್ಲಿ ಏನೋ ಹಿಂಜರಿಕೆ ಇತ್ತು. ಜಗಳವಾದರೆ ತನಗೆ ಅವಸರವೇನಿಲ್ಲ ಎಂದ ಇಕ್ರಾಮ್ ಅಕಾ. ತನಗೂ ಇಲ್ಲ ಎಂದಳು ಮೀರಿಮ್.

ನಾವು ತಲುಪಿದಾಗ ಅವನು ಹೊರಗಿನ ಕಟ್ಟೆಯ ಮೇಲೆ, ಕರಿದ ಮೀನಿನ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ಬಿಳಿ ಟೋಪಿ, ದಪ್ಪ ಮೀಸೆ, ಎರಡು ಸೀಟು ತುಂಬುವ ಮೈ. ಕಾರಿನಿಂದ ಇಳಿದ ಎಜೆಯನ್ನು ಕಂಡವನೇ ಎದ್ದು ನಿಂತ. ಅವನ ಬಲಗೈ ತಾನಾಗಿಯೇ ಕೆನ್ನೆಗೆ ಹೋಯಿತು.

“ಡಾಕ್ಟ್ರೇ,” ಎಂದ. “ನೀವಾ?”

ವಿಷಯ ಏನೆಂದರೆ, ಬಹಳ ಹಿಂದೆ ಒಂದು ಚಳಿಗಾಲದಲ್ಲಿ ಜುಮಾಶ್ ಅಣ್ಣ ಹಲ್ಲುನೋವು ತಾಳಲಾರದೆ ಲಾರಿಯನ್ನು ಕಾರಾ-ಕೋಲ್ ಆಸ್ಪತ್ರೆಯ ಮುಂದೆ ನಿಲ್ಲಿಸಿ ಒಳಗೆ ಓಡಿದ್ದನಂತೆ. ದವಡೆ ಹಲ್ಲು. ಬೇರು ಸೊಟ್ಟಗಿತ್ತು, ಬೇಗ ಬರಲಿಲ್ಲ. ಕೀಳುತ್ತಿದ್ದಷ್ಟು ಹೊತ್ತೂ ಡಾಕ್ಟರಮ್ಮ ಮುಖಕ್ಕೆ ಕಟ್ಟಿದ ಬಟ್ಟೆಯ ಹಿಂದೆ ಇದೇ ಧಾಟಿಯನ್ನು ಗುನುಗುತ್ತಿದ್ದಳಂತೆ.

“ಮೀನು ಇಳೀತಾನೇ ಇಲ್ಲ ಕಣ್ರೋ,” ಎಂದ ನಮ್ಮ ಕಡೆ ತಿರುಗಿ. “ಆಗ ಆ ಹಾಡು ಕೇಳಿದಾಗಿಂದ ಇಲ್ಲದಿರೋ ಹಲ್ಲು ನೋಯ್ತಾ ಇದೆ.”

ಕುಲಿಪಾ ಎಜೆ ನಗಲಿಲ್ಲ. ಅವನನ್ನು ಕೂರಿಸಿ, ಗಲ್ಲ ಹಿಡಿದೆತ್ತಿ, ಬಾಯಿ ತೆರೆ ಎಂದಳು. ಈ ದಾರಿಯಲ್ಲಿ ಯಾರ ಮಾತಿಗೂ ಬಗ್ಗದ ಜುಮಾಶ್ ಅಣ್ಣ ಮಗುವಿನಂತೆ ಬಾಯಿ ತೆರೆದ. ಮೀರಿಮ್ ಫೋನಿನ ಬೆಳಕು ಹಿಡಿದಳು. ಅಂಗಡಿಯವನೂ ಸೌಟು ಹಿಡಿದುಕೊಂಡೇ ನೋಡಲು ಬಂದ.

ಹಾಗಾದರೆ ಅವನು ಕೇಳಿದ್ದು ನಿಜ, ನಾನು ಮತ್ತೆ ಸೋತೆ ಎಂದು ನನ್ನ ಮುಖ ಸಣ್ಣದಾಯಿತು. ಜೀವಮಾನದಲ್ಲಿ ಅವನ ಬಾಯಿಂದ ಬಂದ ಒಂದೇ ಒಂದು ಸಾಚಾ ‘ಕೇಳಿದ್ದೀನಿ’ ನನ್ನ ಪಾಲಿಗೇ ಬರಬೇಕೇ? ಆದರೆ ಇಕ್ರಾಮ್ ಅಕಾ ನನ್ನ ವಕೀಲನಾದ. ಬಟ್ಟೆಯ ಹಿಂದೆ ಗುನುಗಿದ್ದು ಬರೀ ಧಾಟಿ, ಮಾತು ಎಲ್ಲಿ ಕೇಳಿಸಿತು? ಮಾತಿಲ್ಲದ ಮೇಲೆ ಅದು ಬೆಂಕಿಯ ಹಾಡು ಎಂದು ಗೊತ್ತಾಗುವುದಾದರೂ ಹೇಗೆ? ಧಾಟಿ ಕೇಳಿದ ಮಾತ್ರಕ್ಕೆ ಹಾಡು ಕೇಳಿದ ಹಾಗಲ್ಲ ಎಂದು ವಾದಿಸಿದ. ತನ್ನ ತಂದೂರಿನ ಸಿಟ್ಟನ್ನೆಲ್ಲ ಅದರಲ್ಲೇ ತೀರಿಸಿಕೊಂಡ.

“ಮೈದುನನ ಸಾಲು ಕೇಳಿದ್ಯಾ ಆವತ್ತು?” ಎಂದು ಎಜೆ ಜುಮಾಶ್ ಅಣ್ಣನನ್ನು ಕೇಳಿದಳು. ಗಲ್ಲ ಇನ್ನೂ ಅವಳ ಕೈಯಲ್ಲೇ ಇತ್ತು.

ಅವನು ಇಲ್ಲವೆಂದು ತಲೆಯಾಡಿಸಿದ.

“ಮತ್ತೆ? ಹುಡುಗ ಗೆದ್ದ ಅಂತ ಹೇಳು.”

ಬಾಯಿ ತೆರೆದುಕೊಂಡೇ ಅವನು ಹೇಳಿದ್ದು ಯಾವ ಭಾಷೆಗೂ ಸೇರದ ಸದ್ದು. ಆದರೂ ಮೀರಿಮ್ ಅದನ್ನು ನನ್ನ ಫೋನಿನಲ್ಲಿ ಹಿಡಿದು ಗುಂಪಿಗೆ ಕಳಿಸಿಬಿಟ್ಟಳು. ಎಜೆ ಗಲ್ಲ ಬಿಟ್ಟ ಮೇಲೆ ಕೆನ್ನೆ ಸವರಿಕೊಳ್ಳುತ್ತಾ, ಚೆನ್ನಾಗಿದೆ ಹಾಡು ಎಂದು ಜುಮಾಶ್ ಅಣ್ಣ ಮೆಲ್ಲಗೆ ಹೇಳಿದ. ಅವನ ಬಾಯಿಂದ ಅಂಥ ಮಾತು ಕೇಳಿದ್ದು ಅದೇ ಮೊದಲು. ಇನ್ನೊಂದು ಮೂಲೆಯ ಹಲ್ಲೂ ಅಲುಗುತ್ತಿದೆ, ಬೇಗ ತೋರಿಸಿಕೋ ಎಂದಳು ಎಜೆ. ಅವನು ಊಟ ಅರ್ಧಕ್ಕೇ ಬಿಟ್ಟು ಬಿಷ್ಕೆಕ್ ಕಡೆ ಹೊರಟ. ಉಳಿದ ಮೀನನ್ನು ನಾವು ತಿಂದೆವು.

ಮಾರನೆಯ ವಾರ ನಾನು ಸಂಭ್ರಮದಿಂದ ‘ಸೇತುವೆ’ ಇಟ್ಟೆ. ಯಾರೂ ಅದರ ಕಡೆ ತಿರುಗಿಯೂ ನೋಡಲಿಲ್ಲ. ಏಕೆಂದರೆ ಅಷ್ಟರಲ್ಲಿ ಎಲ್ಲರೂ ಹೊಗೆಯ ಹಿಂದೆ ಬಿದ್ದಿದ್ದರು. ತಲಾಸ್‌ನವನು ತನ್ನ ಅಜ್ಜಿಯನ್ನು ಕೇಳಿದನಂತೆ. ಅವರಲ್ಲೂ ಇಂಥದ್ದೊಂದು ಇತ್ತು, ಹೊಗೆ ಅಲ್ಲಿ ಜಿಪುಣ ನೆರೆಯವನ ಕಡೆ ಹೋಗುತ್ತಿತ್ತು. ಅಲಾಯ್ ಕಡೆಯಿಂದ ಬಂದದ್ದರಲ್ಲಿ ಮೊದಲ ಹೆಂಡತಿ ಎರಡನೆಯವಳ ಕಡೆ ಕಳಿಸುತ್ತಿದ್ದಳು. ಇಕ್ರಾಮ್ ಅಕಾ ತನ್ನ ಚಿಕ್ಕಮ್ಮ ಉಜ್ಬೆಕ್‌ನಲ್ಲಿ ಹಾಡಿದ್ದನ್ನು ನನಗೆ ಕಳಿಸಿದ. ಅದರಲ್ಲಿ ಎದೆ ಇಲ್ಲವೆಂದು ಎರಡು ಸಲ ಒತ್ತಿ ಹೇಳಿದ್ದ. ಗುಂಪಿನಲ್ಲಿ ಎಂದೂ ಬಾಯಿ ಬಿಡದ ಬಾತ್ಕೆನ್‌ನ ಚಾಲಕನೊಬ್ಬ, ತನ್ನ ಹೆಂಡತಿ ಒಲೆಯ ಮುಂದೆ ಹಾಡುತ್ತಿದ್ದುದನ್ನು ಕಿಟಕಿಯಾಚೆ ನಿಂತು ಹಿಡಿದು ಕಳಿಸಿದ. ಅವಳು ಇಷ್ಟು ಚೆನ್ನಾಗಿ ಹಾಡುತ್ತಾಳೆಂದು ಮದುವೆಯಾಗಿ ಇಷ್ಟು ಕಾಲವಾದರೂ ಗೊತ್ತಿರಲಿಲ್ಲ ಎಂದು ಕೆಳಗೆ ಬರೆದಿದ್ದ. ಯಾವುದಕ್ಕೂ ಜುಮಾಶ್ ಅಣ್ಣ ಕೇಳಿದ್ದೀನಿ ಎನ್ನಲಿಲ್ಲ. ಗುಂಪಿಗೆ ಕುಲಿಪಾ ಎಜೆಯೂ ಸೇರಿದ್ದಳು.

ಎಲ್ಲವನ್ನೂ ಒಂದಕ್ಕೊಂದು ಪೋಣಿಸಿ ಮೀರಿಮ್ ನನಗೆ ಕಳಿಸಿದ್ದಾಳೆ. ಸೂಸಾಮಿರ್ ಬಯಲು ಬಂದಾಗ ಅದನ್ನು ಹಾಕುತ್ತೇನೆ. ಮೊದಲು ಪ್ರಯಾಣಿಕರು ಸುಮ್ಮನೆ ಕೇಳುತ್ತಾರೆ, ಆಮೇಲೆ ತಮ್ಮೂರಿನ ಹೊಗೆ ಯಾರ ಕಡೆ ಹೋಗುತ್ತಿತ್ತೆಂದು ಹೇಳತೊಡಗುತ್ತಾರೆ. ಮೊನ್ನೆ ಅತ್-ಬಾಶಿಯ ಅಜ್ಜಿಯೊಬ್ಬಳು ಹಿಂದಿನ ಸೀಟಿನಲ್ಲಿ ಕೂತಿದ್ದಳು. ನಿಮ್ಮ ಕಡೆ ಹೇಗೆ ಎಂದು ಕೇಳಿದೆ.

“ನಮ್ಮ ಕಡೆ ಡ್ರೈವರ್ ಮುಖಕ್ಕೇ ಹೋಗೋದಪ್ಪ,” ಎಂದಳು. “ಆ ಕಿಟಕಿ ಮುಚ್ಚು, ಚಳಿ.”

ಮುಚ್ಚಿದೆ. ಅವಳು ಹಾಡಿದಳು.