ಚಕ್ರಪಾಣಿಯ ಪೆನ್ಸಿಲ್ವೇನಿಯಾ ವೋಟು

ನೈರೋಬಿಯ ನಮ್ಮ ಕನ್ನಡ ಬಳಗದಲ್ಲಿ ಅಮೆರಿಕದ ವೋಟು ಇದ್ದವನು ಚಕ್ರಪಾಣಿ ಒಬ್ಬನೇ. ಅದೂ ಎಂಥ ವೋಟು! ಕ್ಯಾಲಿಫೋರ್ನಿಯಾದ್ದಲ್ಲ, ಟೆಕ್ಸಸ್ಸಿನದ್ದಲ್ಲ, ಪೆನ್ಸಿಲ್ವೇನಿಯಾದ್ದು. ಆ ದೇಶದ ಬಹುಪಾಲು ರಾಜ್ಯಗಳು ಯಾವ ಪಕ್ಷದ ಜೇಬಿನಲ್ಲಿವೆ ಎಂಬುದು ಚುನಾವಣೆಗೆ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಕೆಲವೇ ಕೆಲವು ರಾಜ್ಯಗಳು ಮಾತ್ರ ಅತ್ತಲೋ ಇತ್ತಲೋ ಎಂದು ತೂಗಾಡುತ್ತ ಇಡೀ ಲೋಕವನ್ನು ಕಾಯಿಸುತ್ತವೆ. ಪಿಟ್ಸ್‌ಬರ್ಗಿನಲ್ಲಿ ಬಹಳ ವರ್ಷ ದುಡಿದು, ಅಲ್ಲಿಯ ಪೌರತ್ವ ಪಡೆದು, ಆಮೇಲೆ ಟೆಲಿಕಾಂ ಕಂಪನಿಯೊಂದರ ಕೆಲಸಕ್ಕೆಂದು ಇಲ್ಲಿಗೆ ಬಂದ ಚಕ್ರಪಾಣಿಯ ಹೆಸರು ಅಂಥದೊಂದು ರಾಜ್ಯದ ಮತದಾರರ ಪಟ್ಟಿಯಲ್ಲಿ ಉಳಿದುಕೊಂಡಿತ್ತು. ಇಲ್ಲಿ ಕೂತೇ ಅಂಚೆಯಲ್ಲಿ ವೋಟು ಹಾಕಬಹುದಿತ್ತು.

ಅಧ್ಯಕ್ಷರ ಚುನಾವಣೆ ಬಂದ ಆ ವರ್ಷ ಅವನ ಮೆರೆದಾಟ ನೋಡಬೇಕಿತ್ತು. ಹೈರಿಡ್ಜಿನಲ್ಲಿ ಬ್ಯಾಂಕಿನ ಚಂದ್ರಹಾಸನ ಮನೆಯಲ್ಲಿ ಶನಿವಾರ ನಾವೆಲ್ಲ ಸೇರುತ್ತೇವೆ. ಅಲ್ಲಿ ಅವನಿಗೆ ಹೊಸ ಅಳಿಯನ ಉಪಚಾರ. ಅಮೆರಿಕದಲ್ಲಿ ಒಂದು ಪಕ್ಷದ ಗುರುತು ಆನೆ, ಇನ್ನೊಂದರದ್ದು ಕತ್ತೆ. ಚಂದ್ರಹಾಸ ಆನೆಯ ಕಡೆ, ಅವನ ಹೆಂಡತಿ ವಸಂತಾ ಕತ್ತೆಯ ಕಡೆ. ಗಂಡ ನೀರುದೋಸೆ ಬಡಿಸಿ ಒಂದು ಮಾತು ಹೇಳಿದರೆ, ಹೆಂಡತಿ ಚಟ್ನಿ ಬಡಿಸಿ ಅದನ್ನು ಅಳಿಸುತ್ತಿದ್ದಳು. ಚಕ್ರಪಾಣಿ ಇಬ್ಬರ ಮಾತಿಗೂ ತಲೆಯಾಡಿಸಿ ದೋಸೆ ತಿನ್ನುತ್ತಿದ್ದ. ತೀರ್ಮಾನ ಮಾತ್ರ ಆಗಲೇ ಆಗಿತ್ತು. ಪಿಟ್ಸ್‌ಬರ್ಗಿನಲ್ಲಿರುವ ಅಣ್ಣ ಯಶವಂತ್ ಹೇಳಿದ್ದೇ ಅವನಿಗೆ ವೇದವಾಕ್ಯ, ಮತ್ತು ಯಶವಂತ್ ಆನೆಯ ಕಟ್ಟಾ ಅಭಿಮಾನಿ.

ಇದರಿಂದ ನಿಜಕ್ಕೂ ಕಂಗಾಲಾದವಳು ಒಬ್ಬಳೇ, ಅವನ ಹೆಂಡತಿ ನಿರುಪಮಾ. ಅವಳು ಭಾರತದ ಪಾಸ್‌ಪೋರ್ಟ್ ಬಿಟ್ಟಿರಲಿಲ್ಲ, ಹಾಗಾಗಿ ಅವಳಿಗೆ ವೋಟಿಲ್ಲ. ಆದರೆ ಹೊಟ್ಟೆಪಾಡು ಅಮೆರಿಕದ್ದೇ. ಸೌತ್ ಬಿ ಬಡಾವಣೆಯ ಆಚೆಯ ಬಡ ವಸತಿಗಳಲ್ಲಿ ಎಚ್‌ಐವಿ ರೋಗಿಗಳಿಗೆ ಔಷಧ ಕೊಡುವ ಕ್ಲಿನಿಕ್ಕುಗಳನ್ನು ಅವಳ ಸಂಸ್ಥೆ ನಡೆಸುತ್ತಿತ್ತು. ಅದರ ಅಷ್ಟೂ ಖರ್ಚು ಅಮೆರಿಕ ಸರ್ಕಾರದ್ದು. ಆನೆ ಗೆದ್ದರೆ ಹೊರದೇಶಗಳಿಗೆ ಕೊಡುವ ಹಣಕ್ಕೆ ಕತ್ತರಿ ಬೀಳುತ್ತದೆ ಎಂದು ಆಫೀಸಿನಲ್ಲಿ ಎಲ್ಲರೂ ಹೆದರಿದ್ದರು.

"ನಿಮ್ಮ ವೋಟಿಂದ ನನ್ನ ಕ್ಲಿನಿಕ್ ಮುಚ್ಚಿದ್ರೆ?" ಎಂದು ಅವಳು ಕೇಳಿದಳು.

"ಏನೂ ಆಗಲ್ಲ ಕಣೆ. ಈ ಏಡ್ಸ್ ಪ್ರೋಗ್ರಾಮ್ ಶುರು ಮಾಡಿದ್ದೇ ಆನೆ ಪಾರ್ಟಿ, ಗೊತ್ತಾ? ಎಲೆಕ್ಷನ್ ಟೈಮಲ್ಲಿ ನೂರು ಮಾತಾಡ್ತಾರೆ. ನೀನು ಸುಮ್ನೆ ಟೆನ್ಷನ್ ತಗೋಬೇಡ."

"ನನಗೋಸ್ಕರ ಒಂದ್ಸಲ ಕತ್ತೆಗೆ ಹಾಕ್ರೀ."

"ಹೆಂಡತಿ ಹೇಳ್ದಂಗೆ ವೋಟು ಹಾಕೋಕೆ ನಾನೇನು ಹುಡುಗನಾ?" ಎಂದು ನಕ್ಕ. ಅಣ್ಣ ಹೇಳಿದಂತೆ ಹಾಕುವುದು ಅವನ ಪ್ರಕಾರ ಬೇರೆ ವಿಷಯ.

ಮತಪತ್ರ ಬಂದದ್ದು ನವರಾತ್ರಿಯ ಹೊತ್ತಿಗೆ. ಇಮೇಲಿನಲ್ಲಿ ಬಂದದ್ದನ್ನು ಚಕ್ರಪಾಣಿ ಪ್ರಿಂಟ್ ತೆಗೆದು, ಗುರುತು ಹಾಕಿ, ಲಕೋಟೆಗೆ ತುಂಬಿ, ಸಹಿ ಮಾಡಿ ಅಂಟಿಸಿದ. ಅಷ್ಟಕ್ಕೇ ಬಿಟ್ಟನೇ? ಸರಸ್ವತಿ ಪೂಜೆಗೆ ಪುಸ್ತಕ, ಲ್ಯಾಪ್‌ಟಾಪು ಎಲ್ಲ ಜೋಡಿಸಿಟ್ಟಿದ್ದರಲ್ಲ, ಅವುಗಳ ಮೇಲೆ ಆ ಲಕೋಟೆಯನ್ನೂ ಇಟ್ಟು ಕುಂಕುಮ ಹಚ್ಚಿದ. ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯಂದು ದೇವಿಯನ್ನು ಕದಲಿಸುವ ತನಕ ಮುಟ್ಟುವಂತಿಲ್ಲ. ಮುಟ್ಟಬಹುದಾದಾಗ ಅವನು ಕಂಪನಿ ಕೆಲಸಕ್ಕೆ ರುವಾಂಡಾದ ಕಿಗಾಲಿಗೆ ಹೊರಟು ನಿಂತಿದ್ದ. ಅಮೆರಿಕದ ಎಂಬೆಸಿಯವರು ಇಂಥ ಮತಪತ್ರಗಳನ್ನು ತಮ್ಮ ಅಂಚೆಚೀಲದಲ್ಲಿ ಕಳಿಸುತ್ತಾರೆ. ಸಮಯಕ್ಕೆ ತಲುಪಬೇಕಾದರೆ ಆ ವಾರವೇ ಕೊಡಬೇಕಿತ್ತು. ಮೊದಲೇ ಕೊಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ನಿರೂ, ಗಿಗಿರಿ ಕಡೆ ಮೀಟಿಂಗ್ ಇದೆ ಅಂದ್ಯಲ್ಲ. ಹಾಗೇ ಎಂಬೆಸಿಗೆ ಇದನ್ನ ಕೊಟ್ಟುಬಿಡ್ತೀಯಾ?" ಎಂದು ಅವಳ ಕೈಗೇ ಕೊಟ್ಟು ಏರ್‌ಪೋರ್ಟಿಗೆ ಹೋದ. ಯಾರ ಕೈಗೆ ಏನು ಕೊಡುತ್ತಿದ್ದೇನೆ ಎಂಬ ಅನುಮಾನ ಅವನ ತಲೆಯಲ್ಲಿ ಸುಳಿಯಲೇ ಇಲ್ಲ. ಹದಿನೇಳು ವರ್ಷ ಜೊತೆಗೆ ಬದುಕಿದ ಹೆಂಡತಿಯ ಬಗ್ಗೆ ಯಾರಾದರೂ ಅಂಥ ಅನುಮಾನ ಪಡುತ್ತಾರೆಯೇ?

ಕೊಡಬೇಕೆಂದೇ ಅವಳು ಹೊರಟಿದ್ದಳು, ಇದನ್ನು ನಂಬಬೇಕು. ಆದರೆ ದಾರಿಯಲ್ಲಿ ಫೋನು ಬಂತು. ಕ್ಲಿನಿಕ್ಕಿನ ಹಿರಿಯ ನರ್ಸ್ ಸೆಲಿನ್. ಮಗಳನ್ನು ಕಾಲೇಜಿಗೆ ಸೇರಿಸುತ್ತಿದ್ದೇನೆ, ಮುಂದಿನ ವರ್ಷವೂ ನನ್ನ ಕೆಲಸ ಇರುತ್ತದೆ ತಾನೇ ಎಂದು ಕೇಳಿದಳು. ಇರುತ್ತದೆ ಎಂದು ನಿರುಪಮಾ ಹೇಳಿದಳು. ಹೇಳಿ ಪಕ್ಕದ ಸೀಟಿನಲ್ಲಿದ್ದ ಲಕೋಟೆಯನ್ನು ನೋಡಿದಳು. ಎಂಬೆಸಿಯ ಗೇಟು ಬಂತು. ಕಾರು ನಿಧಾನವಾಯಿತು, ಮತ್ತೆ ಮುಂದೆ ಹೋಯಿತು. ಆಫೀಸಿಗೆ ಬಂದು ಲಕೋಟೆಯನ್ನು ಸಣ್ಣಗೆ ಹರಿದು ಕಸದ ಬುಟ್ಟಿಗೆ ಹಾಕಿದಳು. ಕಪ್ಪಿನಲ್ಲಿ ಉಳಿದಿದ್ದ ಚಹಾವನ್ನು ಅದರ ಮೇಲೆ ಸುರಿದಳು.

ಸಂಜೆ ಕಿಗಾಲಿಯಿಂದ ಚಕ್ರಪಾಣಿ "ಕೊಟ್ಯಾ?" ಎಂದ.

"ಹೂಂ" ಎಂದಳು.

ತಲುಪಿತೋ ಇಲ್ಲವೋ ಎಂದು ವೆಬ್‌ಸೈಟಿನಲ್ಲಿ ನೋಡಬಹುದಿತ್ತಂತೆ. ಹೆಂಡತಿ ಹೂಂ ಎಂದ ಮೇಲೆ ಅದನ್ನು ಮತ್ತೆ ಹುಡುಕಿ ನೋಡುವ ಪೈಕಿಯವನಲ್ಲ ಅವನು.

ನವೆಂಬರಿನಲ್ಲಿ ಆನೆ ಗೆದ್ದಿತು. ಪೆನ್ಸಿಲ್ವೇನಿಯಾವನ್ನೂ ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದಿತು. ಒಂದು ವೋಟು ಇದ್ದರೇನು, ಇಲ್ಲದಿದ್ದರೇನು! ನಿರುಪಮಾಳಿಗೆ ಬೇಸರದ ಜೊತೆಗೆ ಒಳಗೊಳಗೇ ಒಂದು ಸಮಾಧಾನವೂ ಆಯಿತು. ತಾನು ಮಾಡಿದ್ದರಿಂದ ಯಾರಿಗೂ ಏನೂ ಆಗಲಿಲ್ಲ, ಮರೆತರಾಯಿತು ಎಂದುಕೊಂಡಳು. ಚಕ್ರಪಾಣಿ ಹೈರಿಡ್ಜಿನಲ್ಲಿ ಎಲ್ಲರಿಗೂ ಜಾಮೂನು ಹಂಚಿದ. ಅವಳೂ ಒಂದು ತಿಂದಳು.

ಜನವರಿ ಕೊನೆಯಲ್ಲಿ ಅಮೆರಿಕದಿಂದ ಆದೇಶ ಬಂತು. ಎಲ್ಲ ಕೆಲಸ ನಿಲ್ಲಿಸಿ, ಒಂದು ಪೈಸೆ ಖರ್ಚು ಮಾಡಕೂಡದು. ಕ್ಲಿನಿಕ್ಕಿನ ಬಾಗಿಲಿಗೆ ಬೀಗ ಬಿತ್ತು. ಔಷಧಕ್ಕೆಂದು ಬಂದವರು ಬೀಗ ಮುಟ್ಟಿ ನೋಡಿ ವಾಪಸು ಹೋದರು. ಸೆಲಿನ್ ಸೇರಿ ಎಲ್ಲರ ಕೆಲಸ ಹೋಯಿತು. ಬಾಕಿ ಲೆಕ್ಕ ಮುಗಿಸಲೆಂದು ಉಳಿಸಿಕೊಂಡ ನಿರುಪಮಾಳ ಕೆಲಸವೂ ಸ್ವಲ್ಪ ದಿನಗಳಲ್ಲಿ ಹೋಯಿತು.

ಆಗ ಚಕ್ರಪಾಣಿ ಕುಸಿದ. ಯಾರೂ, ನಿರುಪಮಾ ಕೂಡ, ಇದನ್ನು ನಿರೀಕ್ಷಿಸಿರಲಿಲ್ಲ. ಸೋಫಾದ ಮೇಲೆ ಕೂತು ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. "ನೀನು ಬೇಡ ಅಂದಿದ್ದೆ. ಗೋಗರೆದಿದ್ದೆ. ನನ್ನ ಕೈಯಾರೆ ನಿನ್ನ ಹೊಟ್ಟೆ ಮೇಲೆ ಹೊಡೆದೆನಲ್ಲ ನಿರೂ." ಪಿಟ್ಸ್‌ಬರ್ಗಿಗೆ ಫೋನು ಮಾಡಿ ಅಣ್ಣನಿಗೆ ಬಾಯಿಗೆ ಬಂದಂತೆ ಬೈದ. ನಿನ್ನ ಮಾತು ಕೇಳಿ ಪಾಪ ಮಾಡಿದೆ, ಇನ್ನು ನೀನು ನನ್ನ ಪಾಲಿಗೆ ಸತ್ತೆ ಎಂದ. ತಂದೆಯಿಲ್ಲದ ಮನೆಯಲ್ಲಿ ತನ್ನನ್ನು ಓದಿಸಿದ ಅಣ್ಣನಿಗೆ ಹಾಗೆಂದ. ಚಂದ್ರಹಾಸನ ಮನೆಯಲ್ಲಿ ಎಲ್ಲರೆದುರು ಎದ್ದುನಿಂತು ಕ್ಷಮೆ ಕೇಳಿದ. "ಲಕ್ಷ ವೋಟಿನ ಅಂತರ ಮಾರಾಯ, ನಿನ್ನದೊಂದರಿಂದ ಎಂತ ಆಗುವುದುಂಟು?" ಎಂದ ಚಂದ್ರಹಾಸ. "ಆ ಲಕ್ಷದಲ್ಲಿ ಒಂದು ನಂದು" ಎಂದ ಚಕ್ರಪಾಣಿ.

ನಿರುಪಮಾ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, ಮೊದಲ ವಾರಗಳಲ್ಲಿ ಅವಳಿಗೆ ಅದು ಹಿತವಾಗಿತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೆಲಸ ಕಳೆದುಕೊಂಡ ಸಿಟ್ಟನ್ನು ವಾಷಿಂಗ್ಟನ್ನಿನವರ ಮೇಲೆ ತೀರಿಸಿಕೊಳ್ಳಲು ಆಗುವುದಿಲ್ಲ. ಎದುರಿಗೆ ತಲೆ ತಗ್ಗಿಸಿಕೊಂಡು ಕೂತ ಗಂಡ ಸಿಕ್ಕಿದ್ದ. ಅಳಲಿ, ಆನೆಗೆ ಹಾಕಬೇಕೆಂದು ಮನಸ್ಸಿನಲ್ಲಾದರೂ ಇತ್ತಲ್ಲ ಎಂದು ವಾದಿಸಿಕೊಂಡಳು. ಒಂದು ಸಂಜೆ ಅವನು ಊಟವನ್ನೂ ಬಿಟ್ಟು ಗೋಡೆ ನೋಡುತ್ತ ಕೂತಾಗ ಬಿಸಿಬಿಸಿ ಕಾಫಿ ಮಾಡಿ ತಂದುಕೊಟ್ಟು, ತಲೆ ಸವರಿ, "ಬಿಡಿ, ನಾನು ನಿಮ್ಮನ್ನ ಯಾವತ್ತೋ ಕ್ಷಮಿಸಿಬಿಟ್ಟಿದ್ದೀನಿ" ಎಂದಳು. ಚಕ್ರಪಾಣಿ ಅವಳ ಅಂಗೈಗೆ ಮುಖ ಒತ್ತಿಕೊಂಡ. "ನಿನ್ನಂಥವಳು ಸಿಕ್ಕಿದ್ದು ನನ್ನ ಪುಣ್ಯ" ಎಂದ. ಆವತ್ತಿನಿಂದ ಅವಳು ಕಾಫಿ ಕುಡಿಯುವುದನ್ನೇ ಬಿಟ್ಟಳು. ಹೇಳಬೇಕಾದ ಮಾತು ದಿನದಿನಕ್ಕೂ ಕಷ್ಟವಾಗುತ್ತ ಹೋಯಿತು.

ಮೇ ತಿಂಗಳ ಒಂದು ಭಾನುವಾರ ಸೆಲಿನ್‌ಳನ್ನು ಊಟಕ್ಕೆ ಕರೆಯೋಣ ಎಂದವನು ಚಕ್ರಪಾಣಿಯೇ. ನಿರುಪಮಾ ಬೇಡವೆನ್ನಲು ನೋಡಿದಳು, ಕಾರಣ ಸಿಗಲಿಲ್ಲ. ಸೆಲಿನ್ ಸೌತ್ ಬಿಯಿಂದ ಎರಡು ಮಟಾಟು ವ್ಯಾನು ಬದಲಿಸಿ ಪಾರ್ಕ್‌ಲ್ಯಾಂಡ್ಸಿನ ಅವರ ಫ್ಲ್ಯಾಟಿಗೆ ಬಂದಳು, ಚರ್ಚಿಗೆ ತೊಟ್ಟ ನೀಲಿ ಉಡುಪಿನಲ್ಲೇ. ಕೈಯಲ್ಲಿ ಒಂದು ಚೀಲ ಬೆಣ್ಣೆಹಣ್ಣು. ಮಗಳ ಕಾಲೇಜು ಸದ್ಯಕ್ಕೆ ನಿಂತಿದೆ ಎಂದಳು. ಈ ಮನೆಯ ಬಿಸಿಬೇಳೆ ಬಾತ್ ಅವಳಿಗೆ ಇಷ್ಟ. ಎರಡು ತುತ್ತು ತಿಂದಿದ್ದಳು, ಚಕ್ರಪಾಣಿ ತಟ್ಟೆ ಸರಿಸಿ ಇಂಗ್ಲಿಷಿನಲ್ಲಿ ಹೇಳಿದ:

"ಸಿಸ್ಟರ್, ನಾನು ನಿಮ್ಮ ಹತ್ತಿರ ಕ್ಷಮೆ ಕೇಳಬೇಕು. ನಾನು ಅವರಿಗೇ ವೋಟು ಹಾಕಿದ್ದು. ಕ್ಲಿನಿಕ್ ಮುಚ್ಚಿದವರಿಗೆ. ನಿರುಪಮಾ ಬೇಡ ಅಂದರೂ ಹಾಕಿದೆ."

ಸೆಲಿನ್ ಮೊದಲು ತಮಾಷೆ ಎಂದುಕೊಂಡಳು. ಇಬ್ಬರ ಮುಖವನ್ನೂ ನೋಡಿ ಚಮಚ ಕೆಳಗಿಟ್ಟಳು.

"ಪೆಟ್ರೋನಿಲಾ ನೆನಪಿದ್ದಾಳಾ ಮ್ಯಾಡಮ್?" ಎಂದು ನಿರುಪಮಾಳನ್ನು ಕೇಳಿದಳು. ಪೆಟ್ರೋನಿಲಾ ಕ್ಲಿನಿಕ್ಕಿನ ಹಳೆಯ ರೋಗಿ, ತರಕಾರಿ ಮಾರುವವಳು. "ಔಷಧ ತಪ್ಪಿತು. ಬೇರೆ ಕಡೆ ಹೋಗು ಅಂದೆ, ಅಲ್ಲಿ ಗುರುತಿನವರು ನೋಡುತ್ತಾರೆ ಅಂತ ಹೋಗಲಿಲ್ಲ. ಹೋದ ವಾರ ಮಣ್ಣು ಮಾಡಿದೆವು." ಆಮೇಲೆ ಚಕ್ರಪಾಣಿಯ ಕಡೆ ತಿರುಗಿದಳು. "ನೀವು ಒಳ್ಳೆಯವರು ಅಂದುಕೊಂಡಿದ್ದೆ ಸರ್. ಈ ಊಟ ನನಗೆ ಸೇರುವುದಿಲ್ಲ."

ಚಕ್ರಪಾಣಿ ಎದ್ದು ಎರಡೂ ಕೈ ಜೋಡಿಸಿ ನಿಂತ. ಸೆಲಿನ್ ಎದ್ದು ಹೊರಟುಹೋದಳು.

ನಿರುಪಮಾ ಅವಳ ಹಿಂದೆಯೇ ಮೆಟ್ಟಿಲಿಳಿದು ಓಡಿದಳು. ಇಲ್ಲಾದರೂ ಹೇಳಿಬಿಡುತ್ತೇನೆ ಎಂದೇ ಓಡಿದ್ದು. ಗೇಟಿನ ಹತ್ತಿರ ಸೆಲಿನ್ ತಿರುಗಿ ಅವಳನ್ನು ಬಿಗಿಯಾಗಿ ಅಪ್ಪಿಕೊಂಡಳು. "ಪೋಲೆ ಸನಾ ಮ್ಯಾಡಮ್, ಪೋಲೆ" ಎಂದು ಬೆನ್ನು ಸವರಿದಳು. ಅಯ್ಯೋ ಪಾಪ ಎನ್ನುವ ಆ ಸ್ವಾಹಿಲಿ ಮಾತು ನಿರುಪಮಾಳಿಗೆ. "ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಇಂಥವನ ಜೊತೆ ಹೇಗೆ ಬದುಕುತ್ತೀರಿ?"

ನಿರುಪಮಾ ಅವಳ ಭುಜದ ಮೇಲೆ ಅತ್ತಳು. ಸೆಲಿನ್ ಸಮಾಧಾನ ಮಾಡಿ ಮಟಾಟು ಹತ್ತಿ ಹೋದಳು.

ಮೇಲೆ ಬಂದಾಗ ಚಕ್ರಪಾಣಿ ಹಾಗೇ ಕೂತಿದ್ದ. "ಸರಿಯಾಗೇ ಅಂದ್ಲು. ಇನ್ನೂ ನಾಕು ಅನ್ಬೇಕಿತ್ತು" ಎಂದ.

"ನೀವು ವೋಟು ಹಾಕಿಲ್ಲ" ಎಂದಳು ನಿರುಪಮಾ. ಬಾಗಿಲಲ್ಲೇ ನಿಂತು ಹೇಳಿದಳು. "ನಾನು ಅದನ್ನ ಎಂಬೆಸಿಗೆ ಕೊಡಲೇ ಇಲ್ಲ. ಆಫೀಸಲ್ಲಿ ಹರಿದು ಬಿಸಾಕಿದೆ. ನಿಮ್ಮ ವೋಟು ಅಮೆರಿಕಕ್ಕೆ ಹೋಗೇ ಇಲ್ಲ ಕಣ್ರೀ."

ಅವನಿಗೆ ಮೊದಲು ಬಂದದ್ದು ನಗು. "ಹೋಗೇ ಇಲ್ವಾ?" ಎಂದು ಮಗುವಿನ ಹಾಗೆ ಕೇಳಿದ. ಎದೆಯ ಮೇಲೆ ಕೈಯಿಟ್ಟು ಉದ್ದಕ್ಕೆ ಉಸಿರು ಬಿಟ್ಟ. "ಅಬ್ಬಾ, ಹಾಗಾದ್ರೆ ನಾನಲ್ಲ." ಆ ಒಂದು ಕ್ಷಣ ನಿರುಪಮಾಳಿಗೆ ತಾನು ಬದುಕಿಕೊಂಡೆ ಎನಿಸಿತು.

ಆಮೇಲೆ ಅವನು ಒಂದೊಂದಾಗಿ ನೆನೆಸಿಕೊಳ್ಳುತ್ತಿರುವುದು ಮುಖದಲ್ಲೇ ಕಾಣಿಸಿತು. ನಗು ಹೋಯಿತು.

"ಹರಿದಿದ್ದು ಹೋಗ್ಲಿ" ಎಂದ, ಬಹಳ ಮೆಲ್ಲಗೆ. "ನಾನೇ ಮೊಂಡ. ನಿನಗೆ ಭಯ ಆಗಿತ್ತು, ಹರಿದೆ. ಅದು ಅರ್ಥ ಆಗತ್ತೆ. ಆದ್ರೆ ನಾನು ಅಳ್ತಾ ಕೂತಿದ್ದಾಗ ಕಾಫಿ ತಂದುಕೊಟ್ಯಲ್ಲ. ನಿಮ್ಮನ್ನ ಕ್ಷಮಿಸಿದ್ದೀನಿ ಅಂದ್ಯಲ್ಲ. ಯಾವುದಕ್ಕೆ ಕ್ಷಮಿಸಿದೆ ನಿರೂ?"

ಬೈಯಲಿ, ಕೂಗಾಡಲಿ, ತಟ್ಟೆ ಎಸೆಯಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಅವನು ಫೋನು ತೆಗೆದುಕೊಂಡು ಪಿಟ್ಸ್‌ಬರ್ಗಿನ ನಂಬರು ಒತ್ತಿದ. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಗಂಟೆ ಬಹಳ ಹೊತ್ತು ಹೊಡೆದುಕೊಂಡಿತು.

"ಅಣ್ಣಾ, ನಾನು, ಚಕ್ರ" ಎಂದ. "ಇಟ್ಬಿಡಬೇಡ. ಆವತ್ತು ನಿನಗೆ ಏನೇನೋ ಅಂದುಬಿಟ್ಟೆ. ತಪ್ಪಾಯ್ತು."

ಆ ಕಡೆಯಿಂದ ಯಶವಂತ್ ಏನೋ ಕೇಳಿದ. ಇಷ್ಟು ದಿನ ಬಿಟ್ಟು ಈಗ ಯಾಕೆ, ಏನಾಯಿತು ಎಂದಿರಬೇಕು. ಚಕ್ರಪಾಣಿ ಹೆಂಡತಿಯ ಕಡೆ ನೋಡಿದ. ನಿರುಪಮಾ ಹತ್ತಿರ ಬಂದು ಫೋನಿಗೆ ಕೈ ಚಾಚಿದಳು. ಭಾವ, ತಪ್ಪು ನನ್ನದು ಎಂದು ಹೇಳಿಬಿಟ್ಟರೆ ಅವಳ ಎದೆಯ ಭಾರ ಇಳಿಯುತ್ತಿತ್ತು. ಅವನು ಕೊಡಲಿಲ್ಲ. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು ಅವಳಿಗೆ ಬೆನ್ನು ತಿರುಗಿಸಿದ.

"ಏನೂ ಆಗಿಲ್ಲಣ್ಣ. ನಿರುಪಮಾನಾ? ಅವಳೇನು ಮಾಡ್ತಾಳೆ ಪಾಪ" ಎಂದ. "ಎಲ್ಲಾ ನಂದೇ ತಪ್ಪು."